ಎರಡು ವರ್ಷದ ಮಟ್ಟಿಗೆ ಜರ್ಮನಿ: ತೋಟ, ಮನೆ ಬಿಟ್ಟು ಹೋಗಿ ಬಂದವರ ಅನುಭವ ತಿಳಿಯಬೇಕಿತ್ತು

ತುಂಗೆಯ ದಂಡೆ (ತೀರ್ಥಹಳ್ಳಿ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಬೆಂಗಳೂರಿನ ಕಂಪನಿಯೊಂದರಲ್ಲಿ ಕಾರುಗಳ ಸಾಫ್ಟ್‌ವೇರ್ ವಿಭಾಗದಲ್ಲಿದ್ದೇನೆ. ಕೋವಿಡ್ ಕಾಲದಿಂದ ಹೆಚ್ಚಿನ ದಿನಗಳಲ್ಲಿ ಊರಿನಿಂದಲೇ ಕೆಲಸ ಮಾಡುತ್ತಿದ್ದೇನೆ. ಈಗ ಕಂಪನಿಯವರು ಎರಡು ವರ್ಷದ ಮಟ್ಟಿಗೆ ಸ್ಟುಟ್‌ಗಾರ್ಟ್‌ಗೆ ಕಳುಹಿಸುತ್ತೇವೆ, ಅಕ್ಟೋಬರ್‌ನಲ್ಲಿ ಹೊರಡಬಹುದೇ ಎಂದು ಕೇಳಿದ್ದಾರೆ.

ಮನೆಯಲ್ಲಿ ಅಪ್ಪಯ್ಯ, ಅಮ್ಮ, ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಹೆಂಡತಿ ಮತ್ತು ಯುಕೆಜಿಗೆ ಹೋಗುವ ಮಗಳು ಇದ್ದಾರೆ. ಮೂರು ಎಕರೆ ಅಡಿಕೆ ತೋಟವಿದೆ. ಅಪ್ಪಯ್ಯನಿಗೆ 68 ವರ್ಷ. ಮಂಡಿನೋವು ಶುರುವಾದ ಮೇಲೆ ಕಡಿದಾದ ಧರೆ ಇಳಿದು ತೋಟಕ್ಕೆ ಹೋಗುವುದೇ ಕಷ್ಟವಾಗಿದೆ. "ಎರಡು ವರ್ಷ ಅಂದರೆ ಎರಡು ಮಳೆಗಾಲ, ಹೋಗಿ ಬಾ" ಎನ್ನುತ್ತಾರೆ, ಆದರೆ ಮುಖ ನೋಡಿ ಹೇಳುವುದಿಲ್ಲ. ನಮ್ಮ ತೋಟಕ್ಕೆ ತಾಗಿಕೊಂಡಿರುವ ಒಂದು ಎಕರೆ ಮಾರಾಟಕ್ಕೆ ಬರುವ ಸೂಚನೆಯಿದ್ದು, ಜರ್ಮನಿಯಲ್ಲಿ ಉಳಿಸಿದ ಹಣದಲ್ಲಿ ಅದನ್ನು ಕೊಳ್ಳುವ ಆಸೆ ನನ್ನದು.

ಸಂಬಳದ ಲೆಕ್ಕವನ್ನು ಯಾರಾದರೂ ಹೇಳುತ್ತಾರೆ. ನೆಲೆಸಲು ಹೋದವರಲ್ಲ, ಸ್ವಲ್ಪ ಕಾಲಕ್ಕೆಂದೇ ಹೋಗಿ ಮರಳಿದವರಿಗೆ ಏನು ಒದಗಿತು, ಏನು ಕೈಕೊಟ್ಟಿತು ಎಂಬುದನ್ನು ತಿಳಿಯಬೇಕಾಗಿದೆ.

ವರದೆಯ ಮೂಲ (ಸಾಗರ) ಅವರ ಉತ್ತರ

ತಮ್ಮ ಅಪ್ಪಯ್ಯನವರ ಲೆಕ್ಕವೇ ಸರಿಯಾದ ಲೆಕ್ಕ. ತಾವೂ ಮಳೆಗಾಲದಲ್ಲೇ ಎಣಿಸಿ. ನಾನು 2021ರ ಕೊನೆಯಿಂದ 2024ರವರೆಗೆ ಜರ್ಮನಿಯಲ್ಲಿದ್ದೆ. ಮೊದಲ ವರ್ಷ ಎಲ್ಲರಂತೆ ಕ್ರಿಸ್‌ಮಸ್‌ಗೆ ರಜೆ ಹಾಕಿ ಊರಿಗೆ ಬಂದಾಗ ಅಂಗಳದಲ್ಲಿ ಅಡಿಕೆ ಹರಡಿತ್ತು, ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು, ಸುಲಿಯುವವರೆಲ್ಲ ಇದ್ದರು. ಅಲ್ಲಿ ನನ್ನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ನಾನು ಬೇಕಾಗಿದ್ದುದು ಆ ವರ್ಷದ ಜೂನ್‌ನಲ್ಲಿ. ಮಳೆ ಹಿಡಿಯುವ ಮೊದಲು ಬೋರ್ಡೋ (ಕೊಳೆರೋಗ ತಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಲು ಮರ ಹತ್ತುವವರು ಸಿಗದೆ ಅಪ್ಪ ಎರಡು ವಾರ ಕಾದರು, ಜುಲೈನಲ್ಲಿ ಕೊಳೆ ಬಂತು, ನಾನು ಸಾವಿರಾರು ಮೈಲಿ ದೂರದಲ್ಲಿ ಕುಳಿತು ಮರದ ಬುಡದಲ್ಲಿ ಉದುರಿ ಬಿದ್ದ ಹಸಿರು ಕಾಯಿಗಳನ್ನು ಫೋನಿನ ಪರದೆಯಲ್ಲಿ ನೋಡಿದೆ. ಮರುವರ್ಷದಿಂದ ಮೇ ಕೊನೆಗೆ ರಜೆ ಹಾಕಿದೆ. ಅಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಕಾನೂನಿನ ಪ್ರಕಾರವೇ ವರ್ಷಕ್ಕೆ ಕನಿಷ್ಠ 20 ದಿನ ರಜೆ ಇರುತ್ತದೆ, ಅನೇಕ ಕಂಪನಿಗಳು 30ರವರೆಗೂ ಕೊಡುತ್ತವೆ. ಎರಡನೆಯ ಸಿಂಪಡಣೆಗೆ ಮತ್ತೆ ಬರಲಾಗದು. ಅದಕ್ಕೆ ಈಗಲೇ ಆಳು ಗೊತ್ತುಮಾಡಿಡಿ, ಇಲ್ಲವೇ ಎರಡು ವರ್ಷ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಡಿ. ಚೇಣಿಯಲ್ಲಿ ಹಣ ಕಡಿಮೆಯಾದರೂ ಹಿರಿಯರಿಗೆ ನಿದ್ರೆ ಬರುತ್ತದೆ.

ಪಕ್ಕದ ಎಕರೆಯ ವಿಷಯದಲ್ಲಿ ಎಚ್ಚರವಿರಲಿ. ಉದ್ಯೋಗಕ್ಕೆಂದು ಹೊರದೇಶಕ್ಕೆ ಹೊರಟವರು ವಿದೇಶಿ ವಿನಿಮಯದ ಕಾನೂನಿನಲ್ಲಿ ಅನಿವಾಸಿಗಳಾಗುತ್ತಾರೆ, ಅನಿವಾಸಿಗಳು ಕೃಷಿ ಭೂಮಿ ಮತ್ತು ತೋಟವನ್ನು ಕೊಳ್ಳುವಂತಿಲ್ಲ. ಈಗಾಗಲೇ ಇರುವುದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನೂ ಪಡೆಯಬಹುದು. ಹೊಸದಾಗಿ ಕೊಳ್ಳುವುದು ಮಾತ್ರ ಮರಳಿ ಬಂದು ನೆಲೆಸಿದ ಮೇಲೆಯೇ. ಮಾರುವವರು ಅಲ್ಲಿಯವರೆಗೆ ಕಾಯುತ್ತಾರೆಯೇ ಎಂದು ಮೊದಲು ವಿಚಾರಿಸಿ. ಅಪ್ಪಯ್ಯನವರ ಹೆಸರಿನಲ್ಲಿ ಕೊಳ್ಳುವ ಯೋಚನೆಯಿದ್ದರೆ, ತಾವು ಕಳುಹಿಸುವ ಹಣದ ದಾಖಲೆ ಹೇಗಿರಬೇಕೆಂದು ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬೇಡಿ.

ಹೊರಡುವ ತಿಂಗಳೂ ಮುಖ್ಯ. ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದರೆ ಆ ವರ್ಷ ತಾವು ಇಲ್ಲಿನ ನಿವಾಸಿಯೇ, ಹೀಗಾಗಿ ಅಲ್ಲಿನ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕಾಗುತ್ತದೆ. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇರುವುದರಿಂದ ಅಲ್ಲಿ ಕಟ್ಟಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೂ ಓಡಾಟ ತಪ್ಪದು. ಸೆಪ್ಟೆಂಬರ್ 25ರ ಒಳಗೆ ಹೊರಟರೆ ಈ ಗೋಜಲೇ ಇರುವುದಿಲ್ಲ. ಕಂಪನಿಯವರು ಭವಿಷ್ಯನಿಧಿ ಕಚೇರಿಯಿಂದ ವ್ಯಾಪ್ತಿ ಪ್ರಮಾಣಪತ್ರ (ವಂತಿಗೆ ಇಲ್ಲಿಯೇ ಕಟ್ಟುತ್ತಿದ್ದೇವೆ ಎಂದು ತೋರಿಸುವ ಕಾಗದ) ತರಿಸಿಕೊಡುತ್ತಾರೆಯೇ ಎಂದೂ ಕೇಳಿ. ಇಲ್ಲಿನ ಕಂಪನಿಯ ನೌಕರನಾಗಿಯೇ ಹೋಗುವವರ ಬಳಿ ಅದಿದ್ದರೆ ಪಿಂಚಣಿಯ ವಂತಿಗೆಯನ್ನು ಜರ್ಮನಿಯಲ್ಲಿ ಮತ್ತೊಮ್ಮೆ ಕಟ್ಟಬೇಕಾಗಿಲ್ಲ.

ಇನ್ನು ಮನೆ. ನನಗೆ ಬೀಗದ ಕೈ ಕೊಟ್ಟ ದಿನ ಅಡುಗೆಮನೆ ಎಂಬ ಕೋಣೆಯಲ್ಲಿ ಗೋಡೆಯಿಂದ ಹೊರಚಾಚಿದ ಒಂದು ನೀರಿನ ಪೈಪು ಮತ್ತು ತುದಿಗೆ ಟೇಪು ಸುತ್ತಿದ ಮೂರು ತಂತಿಗಳು ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿ ಬಾಡಿಗೆ ಮನೆಗಳು ಹಾಗಿರುವುದು ಸಾಮಾನ್ಯ. ಒಲೆ, ಸಿಂಕು, ಕಪಾಟುಗಳನ್ನು ಬಾಡಿಗೆದಾರನೇ ತಂದು ಜೋಡಿಸಿ, ಬಿಡುವಾಗ ಬಿಚ್ಚಿಕೊಂಡು ಹೋಗಬೇಕು. ಎರಡು ವರ್ಷಕ್ಕೆ ಹೋಗುವವರಿಗೆ ಅದು ಶುದ್ಧ ನಷ್ಟವಾದ್ದರಿಂದ ಬಾಡಿಗೆ ಹೆಚ್ಚಾದರೂ ಸಜ್ಜಾದ ಮನೆಯನ್ನೇ ಹಿಡಿಯಿರಿ. ಮನೆಯೊಳಗೆ ಹೋದ ಎರಡು ವಾರದಲ್ಲಿ ಅಲ್ಲಿನ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಬ್ಯಾಂಕು, ತೆರಿಗೆ ಎಲ್ಲವೂ ಆ ಕಾಗದವನ್ನೇ ಕೇಳುತ್ತವೆ.

ಒದಗಿದ್ದನ್ನೂ ಹೇಳಬೇಕಲ್ಲ. ಸಂಜೆ ಐದರ ಮೇಲೆ ಯಾರೂ ಕರೆ ಮಾಡುತ್ತಿರಲಿಲ್ಲ. ಕೆಲಸವನ್ನು ಕೆಲಸದ ವೇಳೆಯಲ್ಲಿಯೇ ಮುಗಿಸುವುದನ್ನು ನಾನು ಕಲಿತದ್ದು ಅಲ್ಲಿ.

ಕೊಪ್ಪದ ಮನೆಮಗಳು ಅವರ ಉತ್ತರ

ಮೇಲಿನವರು ತೋಟದ ಬಗ್ಗೆ ಇಷ್ಟೆಲ್ಲ ಬರೆದರು, ಹೆಂಡತಿಯ ಕೆಲಸದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನಾನೂ ಶಿಕ್ಷಕಿಯಾಗಿದ್ದವಳು, ಪತಿಯ ಜೊತೆ ಮ್ಯೂನಿಕ್‌ನಲ್ಲಿ ಎರಡೂವರೆ ವರ್ಷ ಇದ್ದೆ. ಕಾಗದದ ಮೇಲೆ ನನಗೆ ದುಡಿಯುವ ಹಕ್ಕು ಇತ್ತು. ಆದರೆ ಶಾಲೆಯಲ್ಲಿ ಕಲಿಸಬೇಕೆಂದರೆ ಒಳ್ಳೆಯ ಜರ್ಮನ್ ಬರಬೇಕು, ನಮ್ಮ ಪದವಿಗೆ ಅಲ್ಲಿ ಮಾನ್ಯತೆ ಸಿಗಬೇಕು, ಅಷ್ಟಾಗುವಾಗ ಹಿಂದಿರುಗುವ ಟಿಕೆಟ್ ಬಂದಿರುತ್ತದೆ. ಮರಳಿ ಬಂದ ಮೇಲೆ ಇಲ್ಲಿನ ಸಂದರ್ಶನದಲ್ಲಿ "ನಡುವೆ ಏನು ಮಾಡುತ್ತಿದ್ದಿರಿ" ಎಂದು ಕೇಳಿದರು. ಮಗುವನ್ನು ನೋಡಿಕೊಂಡೆ ಎಂಬ ಉತ್ತರಕ್ಕೆ ಸಂಬಳ ಎರಡು ಮೆಟ್ಟಿಲು ಕೆಳಗಿನಿಂದ ಶುರುವಾಯಿತು. ತಮ್ಮ ಪತ್ನಿಯ ಶಾಲೆಯವರು ರಜೆ ಮಂಜೂರು ಮಾಡುವುದಾದರೆ ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆದುಕೊಳ್ಳಿ.

ಮಗುವಿನ ಬಗ್ಗೆ ಒಂದು ಮಾತು. ಅಲ್ಲಿ ಒಂದನೇ ತರಗತಿ ಆರನೇ ವರ್ಷಕ್ಕೆ, ಅದಕ್ಕೆ ಮೊದಲು ಬರೆಸುವುದಿಲ್ಲ. ಮಕ್ಕಳು ಎಂಥ ಚಳಿಯಲ್ಲೂ ಹೊರಗೆ ಆಡಿಕೊಂಡಿರುತ್ತಾರೆ. ನಮ್ಮ ಮಗ ಮಣ್ಣು, ನೀರು, ಮರ ಎಂದು ಹಾಯಾಗಿದ್ದ, ನನಗೂ ಅದು ಇಷ್ಟವಾಗಿತ್ತು. ಊರಿಗೆ ಬಂದು ಎರಡನೇ ತರಗತಿಗೆ ಸೇರಿಸಿದಾಗ ಜೊತೆಯವರು ಒತ್ತಕ್ಷರ ಬರೆಯುತ್ತಿದ್ದರು, ಇವನಿಗೆ ಕಾಗುಣಿತವೇ ಗೊತ್ತಿರಲಿಲ್ಲ. ಅಜ್ಜಿ ಪ್ರತಿ ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು ಹಳೆಯ ಸ್ಲೇಟಿನ ಮೇಲೆ ತಿದ್ದಿಸಿದರು. ಸರಿಹೋಗಲು ಒಂದು ವರ್ಷ ಹಿಡಿಯಿತು. ದಿನಕ್ಕೆ ಹತ್ತು ನಿಮಿಷ ಅಲ್ಲಿಯೇ ಬರೆಸಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ.

ಭದ್ರೆ ದಾಟಿದವನು (ಭದ್ರಾವತಿ) ಅವರ ಉತ್ತರ

ನಾನು ಯುರೋಪ್ ಕಂಡವನಲ್ಲ, ಅಬುಧಾಬಿಯಲ್ಲಿ ನಾಲ್ಕು ವರ್ಷ ಮೇಲ್ವಿಚಾರಕನಾಗಿದ್ದೆ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ನಿಷಿದ್ಧವಾಗಿರುವ ಊರು ಅದು. ಅಲ್ಲಿ ಎರಡು ವರ್ಷವೆಂದು ಹೋದವನು ನಾಲ್ಕು ವರ್ಷ ಉಳಿದದ್ದು ಹೇಗೆಂದರೆ, ಊರಿನಲ್ಲಿ ಮನೆ ಕಟ್ಟಲು ಸಾಲ ಮಾಡಿದೆ, ಸಾಲ ಮುಗಿಯುವವರೆಗೆ ಎಂದು ಅವಧಿ ಮುಂದಕ್ಕೆ ಹೋಯಿತು. ತಾವು ಹೊರಡುವ ಮೊದಲು ಹೊಸ ಸಾಲ ಮಾಡಬೇಡಿ. ಅಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನು ಊರು ತಲುಪಲು ಒಂದೂವರೆ ದಿನ ಬೇಕಾಯಿತು. ಈಗ ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಗಿದೆ ನಿಜ, ಆದರೆ ಜಡಿಮಳೆಯ ದಿನ ಅದನ್ನೇ ನೆಚ್ಚಿಕೊಳ್ಳದೆ ಬೆಂಗಳೂರಿನಿಂದ ಕಾರಿನ ದಾರಿಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ತುಂಗೆಯ ದಂಡೆ ಮತ್ತೆ ಬರೆದದ್ದು

ಮೂವರಿಗೂ ಕೃತಜ್ಞತೆಗಳು. ಜಮೀನಿನ ನಿಯಮ ನನಗೆ ತಿಳಿದೇ ಇರಲಿಲ್ಲ. ನಿನ್ನೆ ರಾತ್ರಿ ಅಪ್ಪಯ್ಯನಿಗೆ ಹೇಳಿದಾಗ "ಆ ಎಕರೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ನಕ್ಕರು, ಈ ಸಲ ಮುಖ ನೋಡಿಯೇ ಹೇಳಿದರು. ಸೆಪ್ಟೆಂಬರ್ ಮೂರನೇ ವಾರಕ್ಕೆ ಹೊರಡುವುದು ಹಾಗೂ ಮೇ ಕೊನೆಯಿಂದ ಮೂರು ವಾರ ರಜೆ, ಇವೆರಡನ್ನೂ ಕರಾರಿನಲ್ಲಿ ಸೇರಿಸಿಕೊಡುವಂತೆ ಕಂಪನಿಗೆ ಬರೆದಿದ್ದೇನೆ. ಹೆಂಡತಿ ಮೊದಲ ಆರು ತಿಂಗಳು ಇಲ್ಲಿಯೇ ಇದ್ದು, ಶಾಲೆಯ ವರ್ಷ ಮುಗಿಸಿ ಬರುವುದಾಗಿ ಹೇಳುತ್ತಿದ್ದಾಳೆ. ಕೊಪ್ಪದವರಲ್ಲಿ ಒಂದು ವಿನಂತಿ: ಮಗನಿಗೆ ಕಾಗುಣಿತ ಕಲಿಸಲು ಯಾವ ಕ್ರಮ ಅನುಸರಿಸಿದಿರಿ ಎಂದು ಬಿಡುವಾದಾಗ ಬರೆಯುವಿರಾ? ಹೆಂಡತಿ ಈಗಲೇ ಸ್ಲೇಟು ಹುಡುಕುತ್ತಿದ್ದಾಳೆ.