ಸಹಾಯ ಬೇಕು: ಮಕ್ಕಳಿರುವ ಮನೆಗೆ ಯಾವ ಬೇಟೆ ತಳಿಯ ನಾಯಿ ಸರಿ?

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ವಯಸ್ಸಾದ ಅತ್ತೆ, ಅಂಗಳದ ತುಂಬಾ ಕೋಳಿಗಳು. ಬೇಟೆ ತಳಿಯ ಮರಿ ಸಾಕುವ ಆಸೆ. ಬೇಟೆಗೆ ಖಂಡಿತ ಅಲ್ಲ, ಅದು ಕಾನೂನಿಗೆ ವಿರುದ್ಧ. ತೋಟ ಸುತ್ತುವಾಗ ಜೊತೆಗಿರಬೇಕು, ಕಾಡುಹಂದಿ ಬಂದರೆ ಬೊಗಳಬೇಕು, ಮಕ್ಕಳ ಹತ್ತಿರ ಮೆತ್ತಗಿರಬೇಕು.

ನನ್ನ ಮನಸ್ಸು ಮುಧೋಳದ ಮೇಲೆ. ನಮ್ಮದೇ ರಾಜ್ಯದ ತಳಿ, 2005ರಲ್ಲಿ ಅಂಚೆ ಚೀಟಿಯಲ್ಲೂ ಬಂದಿತ್ತು. ಆದರೆ ಅದು ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ, ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ. ನಮ್ಮ ತೋಟಕ್ಕೆ ಪೂರ್ತಿ ಬೇಲಿ ಇಲ್ಲ. ಕೂಗಿದರೆ ವಾಪಸ್ ಬರುತ್ತದೆಯಾ? ಹಂದಿಯ ಹಿಂದೆ ಕಾಡಿಗೆ ನುಗ್ಗಿದರೆ ಚಿರತೆ ಇದೆ, ಉರುಳು ಇದೆ. ಕೋಳಿಗಳ ಕಥೆ ಏನು? ಬಯಲುಸೀಮೆಯ ಗಿಡ್ಡ ಕೂದಲಿನ ನಾಯಿ, ಜೂನ್‌ನಿಂದ ಹಿಡಿಯುವ ನಮ್ಮ ಮಳೆ, ಚಳಿ ತಡೆಯುತ್ತದೆಯಾ?

ಬೀಗಲ್ ಮಕ್ಕಳಿಗೆ ಒಳ್ಳೆಯದೇ, ಆದರೆ ವಾಸನೆ ಹಿಡಿದರೆ ಯಾರ ಮಾತೂ ಕೇಳುವುದಿಲ್ಲ. ಜೋಲು ಕಿವಿ ಬೇರೆ, ತೇವಕ್ಕೆ ಸೋಂಕು ಜಾಸ್ತಿ ಅಲ್ವಾ? ನನ್ನ ಗಂಡ ಲ್ಯಾಬ್ರಡಾರ್ ಅನ್ನುತ್ತಾರೆ. ಅದೂ ಹೊಡೆದ ಹಕ್ಕಿಯನ್ನು ತಂದುಕೊಡಲು ಬೆಳೆಸಿದ ತಳಿ, ನೀರಿಗೆ ಹೆದರುವುದಿಲ್ಲ.

ಮಳೆಗಾಲದಲ್ಲಿ ಮುಧೋಳ ಸಾಕಿದವರು ದಯವಿಟ್ಟು ಬರೆಯಿರಿ. ಉಣ್ಣಿ, ಜಿಗಣೆಗೆ ಏನು ಮಾಡುತ್ತೀರಿ? ಮರಿಯನ್ನು ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಕೇಂದ್ರದಿಂದಲೇ ತರುವುದು ಒಳ್ಳೆಯದಾ? ದಿನವಿಡೀ ಕಟ್ಟಿಹಾಕಿಯೇ ಸಾಕಬೇಕು ಅನ್ನುವುದಾದರೆ ನನಗೆ ಆ ನಾಯಿ ಬೇಡ. ಮಾರುವವರ ನಂಬರ್ ಈಗಲೇ ಬೇಡ, ಸಾಕಿದವರ ಅನುಭವ ಬೇಕು.