ಓದುಗರ ಸ್ಪಂದನ: ಲೈನಿನಲ್ಲಿ ಶುಗರ್ ಇಳಿದರೆ

ಓದುಗರೊಬ್ಬರ ಸಮಸ್ಯೆ: ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಇನ್ಸುಲಿನ್ ತಗೊಳ್ಳುವ ಟೈಲರಕ್ಕ ಒಬ್ಬರು ವಾರಕ್ಕೆರಡು ಸಲ ಹನ್ನೊಂದೂವರೆ ಹೊತ್ತಿಗೆ ಬೆವತು, ಕೈ ನಡುಗಿ ಕೂತುಬಿಡುತ್ತಾರೆ. ಬಿಸ್ಕತ್ತು ಕೊಟ್ಟರೂ ಬೇಗ ಸರಿಹೋಗುವುದಿಲ್ಲ. ಅವರನ್ನು ಕೆಲಸದಿಂದ ಬಿಡಿಸಿ ಎನ್ನುತ್ತಿದ್ದಾರೆ ಮೇಲಿನವರು. ಏನು ಮಾಡಲಿ?

ತಂಗಿ, ಬಿಡಿಸಬೇಕಾದ್ದು ಬಿಸ್ಕತ್ತನ್ನು. ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ, ಚಾಕೊಲೇಟೂ ಹಾಗೇ. ಮೂರು ಟೀ ಚಮಚ ಗ್ಲೂಕೋಸ್ ಪುಡಿ ಇಲ್ಲವೇ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿ, 70ಕ್ಕಿಂತ ಕೆಳಗೇ ಇದ್ದರೆ ಮತ್ತೆ ಅಷ್ಟೇ ಕೊಡಿ. ಬೆರಳಿಗೆ ಸಕ್ಕರೆ ಅಂಟಿದ್ದರೆ ಮೀಟರ್ ಸುಳ್ಳು ಲೆಕ್ಕ ತೋರಿಸುತ್ತದೆ. ಕೈ ತೊಳೆದು, ಒರೆಸಿ ಚುಚ್ಚಬೇಕು. ಶುಗರ್ ಏರಿದ ಮೇಲೆ ಎರಡು ಇಡ್ಲಿಯನ್ನೋ ಚಪಾತಿಯನ್ನೋ ತಿನ್ನಲಿ, ಇಲ್ಲದಿದ್ದರೆ ಮತ್ತೆ ಇಳಿಯಬಹುದು.

ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ನೀರೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಮೆಷಿನ್ ಆಫ್ ಮಾಡಿ, ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಗ್ಲೂಕೋಸ್ ಪೊಟ್ಟಣ ಅವರ ಮೆಷಿನ್ ಪಕ್ಕದಲ್ಲೇ ಇರಲಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದರೆ ಕೀಲಿ ಹುಡುಕುವಷ್ಟರಲ್ಲಿ ಹೊತ್ತು ಮೀರುತ್ತದೆ. ಸೂಜಿಗೆ ದಾರ ಪೋಣಿಸಲು ಮೂರ್ನಾಲ್ಕು ಸಲ ತಡಕಾಡುವುದು, ಹೊಲಿಗೆ ಸೊಟ್ಟಗಾಗುವುದು, ಸುಮ್ಮಸುಮ್ಮನೆ ಸಿಡುಕುವುದು ಶುಗರ್ ಇಳಿಯುತ್ತಿರುವ ಗುರುತಾಗಿರಬಹುದು. ಪೀಸ್ ಹಾಳಾಯಿತೆಂದು ಬೈಯುವ ಮೊದಲು ದಯವಿಟ್ಟು ಅವರ ಮುಖ ನೋಡಿ.
– ಕಾರ್ಖಾನೆಯೊಂದರ ನರ್ಸ್, ಪೀಣ್ಯ

ಹನ್ನೊಂದೂವರೆಗೇ ಯಾಕೆ ಎಂದು ಕೇಳಿಕೊಳ್ಳಿ. ಕಂಪನಿ ಬಸ್ ಹಿಡಿಯುವ ಆತುರದಲ್ಲಿ ಆರೂವರೆಗೆ 30/70 ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು ಬೆರೆತದ್ದು) ಹಾಕಿಕೊಂಡು ತುಸುವೇ ತಿಂದು ಹೊರಟರೆ, ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಔಷಧಿಯ ಬಲ ಹೆಚ್ಚು, ಹೊಟ್ಟೆ ಖಾಲಿ. ಹತ್ತೂವರೆಗೆ ಹತ್ತು ನಿಮಿಷ ಬಿಡುವು ಕೊಡಿ, ಒಂದು ಹಿಡಿ ಹುರಿಗಡಲೆ, ಒಂದು ಸಣ್ಣ ಬಾಳೆಹಣ್ಣು ತಿನ್ನಲಿ. ಟಾರ್ಗೆಟ್ ಮುಗಿದಿಲ್ಲವೆಂದು ಮಧ್ಯಾಹ್ನದ ಊಟವನ್ನು ಮುಂದೂಡುವುದು ಇವರ ಮಟ್ಟಿಗೆ ಅಪಾಯ.

ಸಿರಿಂಜನ್ನೂ ಪರೀಕ್ಷಿಸಿಕೊಳ್ಳಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಮಿಲಿಗೆ 40 ಯೂನಿಟ್, ಪೆನ್ನಿನಲ್ಲಿ 100. ಪೆನ್ನಿನ ಔಷಧಿಯನ್ನು ಕೆಂಪು ಮುಚ್ಚಳದ 40ರ ಸಿರಿಂಜಿಗೆ ಎಳೆದರೆ 20ರ ಗೆರೆಯಲ್ಲಿ ಮೈಗೆ ಹೋಗುವುದು 50 ಯೂನಿಟ್. ಸೀಸೆಯನ್ನು ಅಂಗೈಗಳ ನಡುವೆ ಹತ್ತು ಸಲ ಮೆಲ್ಲಗೆ ಉರುಳಿಸಬೇಕು, ಕುಲುಕಬಾರದು. ಸರಿಯಾಗಿ ಬೆರೆಯದಿದ್ದರೆ ಮೈಗೆ ಹೋಗುವ ಡೋಸ್ ಒಂದೊಂದು ದಿನ ಒಂದೊಂದು ಥರ ಆಗುತ್ತದೆ. ಒಂದು ವಾರದ ರೀಡಿಂಗನ್ನು ಸಮಯದ ಸಮೇತ ಬರೆದು ಡಾಕ್ಟರಿಗೆ ತೋರಿಸಲಿ. ಡೋಸ್ ಬದಲಿಸುವುದು ಅವರ ಕೆಲಸ, ನಮ್ಮದಲ್ಲ.
– ಮಧುಮೇಹ ಸಲಹೆಗಾರ್ತಿ, ಮೈಸೂರು

ಇನ್ಸುಲಿನ್ನನ್ನು ಕ್ಯಾಂಟೀನಿನ ಫ್ರೀಜರಿನಲ್ಲಿ ಇಡಿಸಬೇಡಿ, ಒಮ್ಮೆ ಗಟ್ಟಿಯಾದರೆ ಕೆಟ್ಟ ಹಾಗೆಯೇ. ಫ್ರಿಜ್ಜಿನ ಬಾಗಿಲಿನ ಗೂಡು ಸಾಕು. ಮೈಕಿನಲ್ಲಿ ‘ಶುಗರ್ ಪೇಷೆಂಟ್ ಬನ್ನಿ’ ಎಂದು ಕರೆಯುವುದೂ ಬೇಡ. ಯಾರಿಗೆ ಹೇಳಬೇಕೆಂದು ಅವರನ್ನೇ ಕೇಳಿ, ಪಕ್ಕದ ಮೆಷಿನಿನ ಇಬ್ಬರಿಗೆ ಗೊತ್ತಿದ್ದರೆ ಸಾಕಾಗುತ್ತದೆ. ಇನ್ನೊಂದು ಮಾತು: ಇಎಸ್‌ಐ ಡಿಸ್ಪೆನ್ಸರಿಗೆ ಹೋದ ದಿನ ಅಟೆಂಡೆನ್ಸ್ ಬೋನಸ್ ಕತ್ತರಿಸಿದರೆ ಜನ ಔಷಧಿ ತರುವುದನ್ನೇ ಬಿಡುತ್ತಾರೆ. ತಿಂಗಳಿಗೊಂದು ಅರ್ಧ ದಿನದ ಔಟ್‌ಪಾಸ್ ಕೊಟ್ಟು, ಬೋನಸ್ ಉಳಿಸಿ ಎಂದು ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಿ.
– ವೆಲ್ಫೇರ್ ಆಫೀಸರ್, ರಾಮನಗರ