ಸಹಾಯ ಬೇಕು: ಸದ್ದಾಗದ ಕುಣಿತದ ಆಟ ಯಾವುದಿದೆ?

ಮಗಳಿಗೆ 4 ವರ್ಷ, ನಮ್ಮದು ಮೂರನೇ ಮಹಡಿ. ಮಳೆ ಹಿಡಿದಾಗಿನಿಂದ ಹೊರಗೆ ಆಟವಿಲ್ಲ. ನಡುಮನೆಯಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆದುಕೊಟ್ಟೆ. ಎರಡನೇ ದಿನವೇ ಕೆಳಮನೆಯವರು ಬಾಗಿಲು ತಟ್ಟಿದರು. ಅವರದೂ ತಪ್ಪಲ್ಲ ಬಿಡಿ. ಆಮೇಲೆ ಅಜ್ಜಿಯ ಅಳಗುಳಿ ಮಣೆ ತೆಗೆದೆ. 14 ಗುಳಿಗಳಿಗೆ ಹುಣಸೆ ಬೀಜ ಹಂಚುತ್ತಾ ಎಣಿಕೆ ಕಲಿತಳು, ಬೆರಳುಗಳೂ ಚುರುಕಾದವು. ಆದರೆ ಒಂದು ವರ್ಷದ ತಮ್ಮ ಬೀಜವನ್ನು ಬಾಯಿಗಿಡಲು ಹೋದ. ಮಣೆ ಮತ್ತೆ ಅಟ್ಟ ಸೇರಿತು. ಗೋಧಿಹಿಟ್ಟಿನ ಮುದ್ದೆಯಲ್ಲಿ ಆನೆ, ಹಾವು ಮಾಡುವುದು ಅರ್ಧ ಗಂಟೆ ನಡೆಯುತ್ತದೆ (ಆನೆಗಿಂತ ಹಾವೇ ಹೆಚ್ಚು). ಆದರೆ ಮೈ ದಣಿಯದೆ ರಾತ್ರಿ ನಿದ್ದೆಯೇ ಇಲ್ಲ.

ಸದ್ದಾಗದ, ಮೈ ದಣಿಯುವ, ಇಬ್ಬರೂ ಸೇರಬಹುದಾದ ಆಟ ಗೊತ್ತಿದ್ದರೆ ತಿಳಿಸಿ. ದುಬಾರಿ ಆಟಿಕೆ ಬೇಡ. ದಿಂಬು, ಚಾಪೆ, ಹಳೆಯ ಸೀರೆ ಧಾರಾಳವಾಗಿವೆ.